ಮೇದರ ನಿಂಗ ಇಳಿಸಿದ ಅರ್ಧ ಸ್ವರ

ಕೊಡಗಿನ ಬಾಳೆಲೆ ಊರಿನ ಮೇದರ ಮುದ್ದ, ಬಿದಿರು ಕಡಿಯುವಾಗ ಮೈಮೇಲೆ ಹಾರಿದ ಚಿರತೆಯ ಬಾಯಿಗೆ ಎಡಗೈ ತುರುಕಿ, ಬಲಗೈಯ ಕತ್ತಿಯಿಂದ ಅದರ ಹೊಟ್ಟೆ ಬಗೆದವನು. ಅವನ ಮಗ ಚಿಕ್ಕ, ತನ್ನ ಡೋಲಿಗೆ ಒದ್ದ ಸಾಹುಕಾರನ ದವಡೆ ಮುರಿದು, ತಾನೂ ನಾಲ್ಕು ಹಲ್ಲು ಉದುರಿಸಿಕೊಂಡು, ಉಳಿದ ಹಲ್ಲಿನಲ್ಲೇ ನಗುತ್ತ ಮನೆಗೆ ಬಂದವನು. ಆ ಚಿಕ್ಕನ ಮಗನೇ ನಿಂಗ. ಬುಟ್ಟಿ ಹೆಣೆಯುವುದರಲ್ಲಿ, ಡೋಲಿಗೆ ಚರ್ಮ ಬಿಗಿಯುವುದರಲ್ಲಿ ಕುಟ್ಟದವರೆಗೂ ಅವನಿಗೆ ಸಾಟಿಯಿರಲಿಲ್ಲ. ನಿಂಗ ಬಿಗಿದದ್ದು ಬಿರಿಯದು ಎಂದು ಜನ ಆಡುತ್ತಿದ್ದ ಮಾತೊಂದೇ ಅವನ ಆಸ್ತಿ. ಅದನ್ನು ಕಾಯಲು ಅವನು ಯಾರ ತಲೆ ಒಡೆಯಲೂ ಹಿಂದೆಮುಂದೆ ನೋಡುವವನಲ್ಲ.

ಜರ್ಮನಿಯ ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಕುಟ್ಟದ ಕಡೆಯ ಎಸ್ಟೇಟಿನ ಬಿಳಿ ದೊರೆಯ ಗಿಟಾರಿನ ಎದೆಯ ಹಲಗೆ ಆ ಸಲದ ಮಳೆಗೆ ಬಿರುಕು ಬಿಟ್ಟಿತು. ಮೈಸೂರಿಗೆ ಕಳಿಸಿದರೆ ಕ್ರಿಸ್‌ಮಸ್ಸಿಗೆ ವಾಪಸು ಬರುವಂತಿರಲಿಲ್ಲ. ಕಾಫಿ ಬುಟ್ಟಿ ಕೊಡಲು ಬಂದಿದ್ದ ನಿಂಗನ ಕೈಗೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಅದನ್ನು ದಾಟಿಸಿದ.

ನಿಂಗ ಬಿರುಕಿನ ಒಳಗೆ ಬಿದಿರ ಸೀಳು ಕೂರಿಸಿ ಅಂಟು ಹಾಕಿದ. ದನಿ ಹಿಡಿಯಲೆಂದು ದೊರೆ ಕೊಟ್ಟಿದ್ದ ಎರಡು ಕವಲಿನ ಉಕ್ಕಿನ ತುಂಡನ್ನು ಮಿಡಿದು, ಆರೂ ತಂತಿಗಳನ್ನು ಮೊದಲಿದ್ದ ದನಿಗೆ ಏರಿಸಿದ. ಮರ ನರಳಿದ್ದು ಅವನ ಕಿವಿಗೆ ಬಿತ್ತು. ಹೊಸ ಚರ್ಮದ ಡೋಲನ್ನು ಅವನ ಮನೆಯವರು ಎಂದೂ ಪೂರ್ತಿ ಬಿಗಿದು ಕೊಟ್ಟವರಲ್ಲ. ಒಂದು ತಿಂಗಳು ತಗ್ಗಿನ ದನಿಯಲ್ಲೇ ಬಾರಿಸಿ ಪಳಗಿಸಬೇಕು. ಇದಕ್ಕೂ ಅದೇ ನ್ಯಾಯವೆಂದು ನಿಂಗ ಪ್ರತಿ ತಂತಿಯನ್ನೂ ಅರ್ಧ ಸ್ವರ ಇಳಿಸಿದ. ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮೊದಲ ಮನೆಯಲ್ಲಿ ಬೆರಳೊತ್ತಿದರೆ ಹಳೆಯ ದನಿ ಹೊರಡಬೇಕು, ಅಷ್ಟೇ ಇಳಿತ.

"ತಿಂಗಳು ಕಳೆಯೋಗಂಟ ಬಿಗೀಬ್ಯಾಡಿ ಅಂತ ದೊರೆಗೆ ಹೇಳಿ, ರೈಟ್ರೆ" ಎಂದ.

"ಬುಟ್ಟಿ ಹೆಣೆಯೋನು ದೊರೆಗೇ ಸಂಗೀತ ಹೇಳ್ಕೊಡ್ತಾನೋ?" ಎಂದು ನಕ್ಕ ಪೊನ್ನಪ್ಪ ಆ ಮಾತನ್ನು ಅಲ್ಲಿಯೇ ನುಂಗಿದ.

ಕ್ರಿಸ್‌ಮಸ್ಸಿನ ಮಧ್ಯಾಹ್ನ ಬಂಗಲೆಯ ತುಂಬ ಅತಿಥಿಗಳು. ಒಬ್ಬ ದೊರೆಸಾನಿ ಪಿಯಾನೋ ನುಡಿಸಿದಳು, ದೊರೆ ಗಿಟಾರು ಹಿಡಿದ. ಗಿಟಾರಿನ ದನಿ ಪಿಯಾನೋಗಿಂತ ತಗ್ಗಿತ್ತು; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಜನ ನಕ್ಕರು. ದೊರೆಯ ಮುಖ ಕೆಂಡವಾಯಿತು. ಕೂಲಿ ಲೈನಿನ ಸಾಲುಮನೆಗಳ ಹತ್ತಿರವಿದ್ದ ನಿಂಗನ ಕತ್ತು ಹಿಡಿದು ಪೊನ್ನಪ್ಪ ಜಗಲಿಗೆ ತಂದು ನಿಲ್ಲಿಸಿದ.

"ಯಾಕೆ ಸಡಿಲ ಮಾಡಿದೆ, ಕತ್ತೆ?" ಎಂದ ದೊರೆ.

"ಬಿಗಿದ್ರೆ ಬಿರೀತದೆ, ದೊರೆ. ಇಲ್ನೋಡಿ."

ನಿಂಗ ಮೊದಲ ಮನೆಯ ಮೇಲೆ ಬಿದಿರ ಕಡ್ಡಿಯೊಂದನ್ನು ಅಡ್ಡಲಾಗಿ ಬಿಗಿದು ಕಟ್ಟಿ, ಆರೂ ತಂತಿ ಮೀಟಿದ. ದೊರೆಸಾನಿ ಪಿಯಾನೋ ಒತ್ತಿ ನೋಡಿದಳು. ದನಿ ಕೂಡಿತ್ತು. ಅವಳು ನಿಂಗನತ್ತ ತಿರುಗಿ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ದೊರೆಗೆ ಆ ನಗುವಿಗಿಂತ ಈ ಚಪ್ಪಾಳೆ ಹೆಚ್ಚು ಉರಿಯಿತು. ಕಡ್ಡಿ ಕಿತ್ತೆಸೆದು ತಂತಿ ಬಿಗಿಯುವ ಬಿರಡೆ ತಿರುಚತೊಡಗಿದ. ನಿಂಗ ಅವನ ಮುಂಗೈ ಹಿಡಿದ.

"ಬ್ಯಾಡ ದೊರೆ. ಇದು ನನ್ ಕೆಲ್ಸ. ನನ್ ಹೆಸ್ರು ಹೋಯ್ತದೆ."

ಪೊನ್ನಪ್ಪ ಹಿಂದಿನಿಂದ ಒದ್ದ. ನಿಂಗ ತಿರುಗದೆಯೇ ಮೊಣಕೈ ಬೀಸಿದ. ಪೊನ್ನಪ್ಪನ ಮೂಗು ಮುರಿಯಿತು. ಅಷ್ಟರಲ್ಲಿ ದೊರೆ ಕೈ ಬಿಡಿಸಿಕೊಂಡು ಕೊನೆಯ ಬಿರಡೆಯನ್ನೂ ತಿರುಚಿದ್ದ. ಕೋವಿ ಹಾರಿದಂತೆ ಗಿಟಾರಿನ ಎದೆ ಸಿಡಿದು, ತಂತಿಯೊಂದು ದೊರೆಯ ಕೆನ್ನೆಯನ್ನು ಕಿವಿಯಿಂದ ತುಟಿಯವರೆಗೆ ಸೀಳಿತು. ರಕ್ತ ಬಿಳಿ ಅಂಗಿಗೆ ಇಳಿಯಿತು.

ದೊರೆ ಆ ಗಿಟಾರನ್ನೇ ಕತ್ತು ಹಿಡಿದು ಬೀಸಿದ. ಮೊದಲ ಏಟು ನಿಂಗನ ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಅವನು ತಲೆಗೆ ಬಲಗೈ ಅಡ್ಡ ಹಿಡಿದ. ಒಣಕಟ್ಟಿಗೆಯಂತೆ ಮುಂಗೈ ಮುರಿಯಿತು. ನಿಂಗ ಎಡಗೈಯಲ್ಲಿ ದೊರೆಯ ಕೊರಳಪಟ್ಟಿ ಹಿಡಿದು ಕಂಬಕ್ಕೆ ಅಪ್ಪಳಿಸಿದ. ಕುದುರೆ ಲಾಯದ ಆಳುಗಳು ದೊಣ್ಣೆ ಹಿಡಿದು ಓಡಿಬಂದು, ಅವನು ಮೆಟ್ಟಿಲ ಮೇಲೆ ಉರುಳುವವರೆಗೂ ಬಡಿದರು.

ದೊರೆಸಾನಿ ನಡುವೆ ಬಂದು ತಡೆದಳು. ವಿರಾಜಪೇಟೆಯ ಆಸ್ಪತ್ರೆಗೆ ಸಾಗಿಸಲು ಮೋಟಾರು ತರಿಸೆಂದಳು. ಪೊನ್ನಪ್ಪ ಒಂದು ಕೈಯಲ್ಲಿ ಮೂಗು ಒತ್ತಿಕೊಂಡು ಇನ್ನೊಂದನ್ನು ನಿಂಗನತ್ತ ಚಾಚಿದ.

"ಏಳು ಮಾರಾಯ. ಕೈ ಉಳೀಬೇಕಲ್ಲ. ತಪ್ಪು ನಂದೇ, ನೀ ಹೇಳಿದ್ದನ್ನ ನಾನು ದೊರೆಗೆ ಹೇಳ್ಲಿಲ್ಲ."

ನಿಂಗ ಬಾಯಿಯ ರಕ್ತ ಉಗುಳಿ, ಮೆಟ್ಟಿಲಿಗೆ ಎಡಗೈ ಊರಿ ತಾನೇ ಎದ್ದ.

"ಅದ್ನ ನಂಗ್ಯಾಕೆ ಹೇಳ್ತೀರಿ, ದೊರೆಗೆ ಹೇಳಿ. ಮೋಟಾರೂ ಬ್ಯಾಡ, ನೀವೂ ಬ್ಯಾಡ. ಕಾಲು ಎರಡೂ ನೆಟ್ಟಗವೆ. ನಡ್ಕಂಡು ಹೋಯ್ತೀನಿ."