ಕವರಿನಲ್ಲಿ ಬಿಟ್ಟುಹೋದ ಸ್ಯಾಕ್ಸೋಫೋನ್

ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕತ್ತಿನಲ್ಲಿ ನಾವು ಐದು ಜನ ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದೆವು. ಐವರಲ್ಲಿ ನನ್ನ ತಲೆ ತಿಂದವರು ಒಬ್ಬರೇ, ಸ್ಯಾಕ್ಸೋಫೋನ್ ಊದುತ್ತಿದ್ದ ಮಂಗಳೂರಿನವರು. ನಾನು ಮೈಸೂರಿನವನು, ಅಲ್ ಖುವೈರಿನ ಒಂದು ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್, ಬ್ಯಾಂಡಿನಲ್ಲಿ ಗಿಟಾರ್. ಅವರು ಅಲ್ಲೇ ಹೆದ್ದಾರಿ ಪಕ್ಕದ ಟೈರ್ ಅಂಗಡಿಯಲ್ಲಿ ಸ್ಟೋರ್‌ಕೀಪರ್. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಊರಿನ ಮದುವೆ ಬ್ಯಾಂಡಿನಲ್ಲಿ ಊದಿ ಊದಿ ಕಲಿತವರು.

ಅವರಿಗಿದ್ದ ಹುಚ್ಚು ಒಂದೇ, ಮಾತಿಲ್ಲದ ಹಳೆಯ ರಾಕ್ ಆಂಡ್ ರೋಲ್. ಅದರಲ್ಲಿ ಹಾಡುಗಾರನೇ ಇಲ್ಲ. ಅವನು ನಿಲ್ಲಬೇಕಾದ ಜಾಗದಲ್ಲಿ ಸ್ಯಾಕ್ಸೋಫೋನ್ ನಿಂತುಕೊಂಡು ಗೊಗ್ಗರು ದನಿಯಲ್ಲಿ ಕೂಗುತ್ತದೆ. ಯಾವ ಕೂಟಕ್ಕೆ ಹೋದರೂ ಜನ ಹಿಂದಿ ಹಾಡು ಕೇಳುತ್ತಿದ್ದರು. ಇವರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಕಣ್ಣು ಮುಚ್ಚಿ ಊದುತ್ತಿದ್ದರು. ಬೈಗುಳ ಬೀಳುತ್ತಿದ್ದುದು ಮಾತ್ರ ನನಗೆ, ಏಕೆಂದರೆ ನಾನು ಕಣ್ಣು ಬಿಟ್ಟುಕೊಂಡು ನುಡಿಸುತ್ತಿದ್ದೆ.

ಶುಕ್ರವಾರ ಚರ್ಚಿನಲ್ಲಿ ಅವರ ಪೂಜೆ ಮುಗಿದ ಮೇಲೆ ವಾದಿ ಕಬೀರಿನ ಒಂದು ಮರಗೆಲಸದ ಶೆಡ್ಡಿನಲ್ಲಿ ನಮ್ಮ ಪ್ರಾಕ್ಟೀಸು. ಎರಡು ಗಂಟೆಯ ಪ್ರಾಕ್ಟೀಸಿನಲ್ಲಿ ಮುಕ್ಕಾಲು ಗಂಟೆ ಅವರ ಭಾಷಣ. ಹಳೆಯ ಕ್ಯಾಸೆಟ್ಟಿನ ಕವರು ತಂದು ನನ್ನ ಮೂಗಿಗೆ ಹಿಡಿಯುತ್ತಿದ್ದರು. ಇಡೀ ಟ್ಯೂನು ನಿಂತಿರುವುದು ಸ್ಯಾಕ್ಸೋಫೋನಿನ ಮೇಲೆ, ಫೋಟೋ ಮಾತ್ರ ಗಿಟಾರಿನವನದು, ಊದಿದವನ ಹೆಸರೇ ಇಲ್ಲ ಎಂಬುದು ಅವರ ತಕರಾರು. ಇಲ್ಲಿ ಊದಿದವನೂ ಇನ್ನೊಂದು ಕ್ಯಾಸೆಟ್ಟಿನಲ್ಲಿ ಊದಿದವನೂ ಒಬ್ಬನೇ, ಎರಡರಲ್ಲೂ ಒಂದೇ ಕಡೆ ಉಸಿರು ಎಳೆಯುತ್ತಾನೆ ಎಂದು ವಾದಿಸುತ್ತಿದ್ದರು. ಆ ಉಸಿರು ಕೇಳಿಸಲು ಟೇಪನ್ನು ಹಿಂದೆ ತಿರುಗಿಸಿ, ಮತ್ತೆ ತಿರುಗಿಸಿ ನಮ್ಮ ಪ್ರಾಣ ಹಿಂಡುತ್ತಿದ್ದರು. ನನಗೆ ಒಮ್ಮೆಯೂ ಉಸಿರು ಕೇಳಿಸಲಿಲ್ಲ. ಅಮೆರಿಕದಲ್ಲಿ ಎಂದೋ ಊದಿದವನು ಯಾರಾದರೆ ನಮಗೇನು ಎಂದು ಒಂದು ಸಲ ರೇಗಿಬಿಟ್ಟೆ. ಅವರು ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಭಾಷಣವಿಲ್ಲದ ಆ ಎರಡು ವಾರ ಪ್ರಾಕ್ಟೀಸು ಬಹಳ ಚೆನ್ನಾಗಿ ಆಯಿತು.

ಆಮೇಲೆ ನಾವೇ ಒಂದು ಕ್ಯಾಸೆಟ್ ಮಾಡೋಣವೆಂದು ಅವರು ಹಠ ಹಿಡಿದರು. ಏಳು ಟ್ಯೂನು, ಏಳೂ ಅವರದೇ. ಸದ್ದು ಬರುತ್ತದೆಂದು ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಜೂನ್ ತಿಂಗಳ ಸೆಕೆಯಲ್ಲಿ ರೆಕಾರ್ಡ್ ಮಾಡಿದೆವು. ಅವರು ಊದಿದ್ದು ಅದ್ಭುತವಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದೇ ನನಗೊಂದು ಕಿರಿಕಿರಿ.

ಕವರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದೇ ತಿಂಗಳು ಅವರ ಅಂಗಡಿಯಲ್ಲಿ ಒಂದು ಗಲಾಟೆಯಾಗಿತ್ತು. ಟೈರ್ ಜೋಡಿಸುವವನೊಬ್ಬ ಬಿಡುವಿನಲ್ಲಿ ಬೇರೆಯವರ ಪಿಕಪ್ ಓಡಿಸುತ್ತಾನೆಂದು ವೀಸಾ ಕೊಟ್ಟ ಮಾಲೀಕ, ಅಂದರೆ ಕಫೀಲನಿಗೆ ಗೊತ್ತಾಗಿ, ಒಂದೇ ವಾರದಲ್ಲಿ ವೀಸಾ ರದ್ದು, ಖಲಾಸ್, ಅವನು ವಿಮಾನ ಹತ್ತಿದ್ದ. ಇವರಿಗೆ ಇಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಕ್ಯಾಸೆಟ್ಟಿನ ಮೇಲೆ ಹೆಸರು ಬಂದರೆ ಹೊರಗೆ ಇನ್ನೊಂದು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಚಾಡಿ ಹೇಳಬಹುದು. ನಾನು ಅವರನ್ನು ಕೇಳಲಿಲ್ಲ. ಕೇಳಿದರೆ ಇನ್ನೊಂದು ಮುಕ್ಕಾಲು ಗಂಟೆಯ ಭಾಷಣ. ಆಫೀಸಿನ ಟೈಪ್‌ರೈಟರಿನಲ್ಲಿ ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ಎಂದು ನುಡಿಸಿದವರ ಹೆಸರಿನ ಸಮೇತ ನಾಲ್ಕು ಸಾಲು ಹೊಡೆದು, ಜೆರಾಕ್ಸ್ ಮಾಡಿಸಿ, ಕತ್ತರಿಸಿ ಡಬ್ಬಿಗಳಿಗೆ ತುಂಬಿದೆ. ಸ್ಯಾಕ್ಸೋಫೋನ್ ಎಂಬ ಸಾಲನ್ನೇ ಬಿಟ್ಟೆ. ನಮ್ಮವರಲ್ಲಿ ಅದನ್ನು ಊದುವವರು ಬೇರೆ ಯಾರಿದ್ದಾರೆ? ವಾದ್ಯ ಬರೆದರೆ ಹೆಸರು ಬರೆದಂತೆಯೇ ಎಂದು ಲೆಕ್ಕ ಹಾಕಿದ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ನೆನಪಿದೆ.

ಕನ್ನಡಿಗರ ಕೂಟವೊಂದರಲ್ಲಿ ಊಟಕ್ಕೆ ಮೊದಲು ಕ್ಯಾಸೆಟ್ಟಿನ ಬಿಡುಗಡೆ. ಅವರು ಹೆಂಡತಿ ಮಕ್ಕಳೊಂದಿಗೆ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ನಿರೂಪಣೆ ಮಾಡುತ್ತಿದ್ದವರು ಮಸ್ಕತ್ತಿಗೆ ಹೊಸಬರು, ನಮ್ಮ ಬ್ಯಾಂಡನ್ನು ಕಂಡವರಲ್ಲ. ಅವರು ಮೊದಲ ಟ್ಯೂನು ಹಾಕಿಸಿದರು. ಜನ ಅಂದು ಹಿಂದಿ ಹಾಡು ಕೇಳದೆ ಸುಮ್ಮನೆ ಆಲಿಸಿದರು. ಟ್ಯೂನು ಮುಗಿದ ಮೇಲೆ ನಿರೂಪಕರು ಕವರು ನೋಡಿ ನಾಲ್ಕೂ ಹೆಸರು ಓದಿದರು. ಕೀಬೋರ್ಡಿನವನ ಹೆಸರು ಬಂದಾಗ ನಿಂತು, ಈಗಿನ ಮೆಷೀನುಗಳಲ್ಲಿ ಎಲ್ಲ ವಾದ್ಯಗಳೂ ಬರುತ್ತವೆ, ಆದರೆ ಸ್ಯಾಕ್ಸೋಫೋನನ್ನು ಇಷ್ಟು ಸಹಜವಾಗಿ ನುಡಿಸಿದ್ದನ್ನು ನಾನು ಕೇಳಿರಲಿಲ್ಲ ಎಂದು ಹೊಗಳಿದರು. ದೊಡ್ಡ ಚಪ್ಪಾಳೆ ಬಿತ್ತು. ಕೀಬೋರ್ಡಿನವನು ಕತ್ತು ಕೆರೆದುಕೊಳ್ಳುತ್ತ ಎದ್ದು ಕೈ ಮುಗಿದ. ಅಲ್ಲವೆಂದರೆ ಯಾರೆಂದು ಹೇಳಬೇಕು. ಮೂರನೆಯ ಸಾಲಿನಲ್ಲಿ ಅವರೂ ಚಪ್ಪಾಳೆ ಹೊಡೆದರು. ಅವರ ಚಿಕ್ಕ ಮಗಳು ಅಪ್ಪನ ತೋಳು ಹಿಡಿದು ಜಗ್ಗುತ್ತಿದ್ದಳು.

ಊಟದ ಸಾಲಿನಲ್ಲಿ ನನ್ನ ಪಕ್ಕ ಬಂದು ನಿಂತರು. ನಾನು ತಡಬಡಿಸಿ, ವೀಸಾ, ಅಂಗಡಿ, ಮಕ್ಕಳ ಶಾಲೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರು ನನ್ನನ್ನು ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು.

"ಹೆಸರು ಬೇಡ ಅಂತ ನಾನೇ ನಿಮ್ಗೆ ಹೇಳ್ಲಿಕ್ಕಿದ್ದೆ" ಎಂದರು. "ಸ್ಯಾಕ್ಸೋಫೋನ್ ಅಂತ ಒಂದು ಶಬ್ದ ಹಾಕ್ಬಹುದಿತ್ತಲ್ಲ ಮಾರಾಯ್ರೆ. ಮೆಷೀನಲ್ಲ, ಮನುಷ್ಯ ಊದಿದ್ದು ಅಂತಾದ್ರೂ ಗೊತ್ತಾಗ್ತಿತ್ತು."