ದೂಮಪ್ಪ ಕೋಚರ ಎಡ ಮೊಣಕಾಲು

ಗಂಡನ ಅಕ್ಕನ ಮಗ ಚಂದು ನಮ್ಮ ಜಗಲಿಯ ಮೂರು ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ ಇಳಿದದ್ದು ಗುರುವಾರ ಮಧ್ಯಾಹ್ನ. ಕೈ ಗೋಡೆಯ ಮೇಲೆ. ಮೊದಲು ಎಡಗಾಲು, ಮಡಚದೆ. ಆಮೇಲೆ ಬಲಗಾಲು ಅದರ ಪಕ್ಕಕ್ಕೆ. ಅಷ್ಟೇ. ಬೇರೆ ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಅಂದಿನಿಂದ ಊಟ ಸೇರಲಿಲ್ಲ. ಹದಿನೈದು ತಿಂಗಳ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಅವಳ ಮೊಣಕಾಲುಗಳನ್ನು ಒತ್ತಿ ಒತ್ತಿ ನೋಡಿದೆ. ಮಗು ಕಿರುಚಿತು. ನಾನು ಹಾಗೆಯೇ, ಯಾರ ಕಾಲು ಊದಿದರೂ ನನ್ನ ಮಗುವಿನ ಕಾಲು ತಡಕುವವಳು. ಆದರೆ ಇದು ಬರೀ ಹೆದರಿಕೆಯಲ್ಲ. ಹಾಗೆ ಮೆಟ್ಟಿಲು ಇಳಿಯುವ ಇನ್ನೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆ: ನನ್ನ ಗಂಡ, ದೂಮಪ್ಪ ಮೆಂಡನ್.

ಉಡುಪಿಯವರಿಗೆ ಇವರು ದೂಮಪ್ಪ ಕೋಚ್. ಕಾಪುವಿನ ದೀಪಸ್ತಂಭದ ಹತ್ತಿರದ ಮರಳಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಅಪ್ಪ ದೋಣಿಗೆ ಕರೆದರೆ ಇವರು ಚೆಂಡಿನ ಹಿಂದೆ. ಹದಿನೇಳಕ್ಕೆ ಬೊಂಬಾಯಿಗೆ ಹೋಗಿ ಕ್ಯಾಂಟೀನಿನಲ್ಲಿ ಮೇಜು ಒರೆಸುತ್ತಿದ್ದವರನ್ನು ಒಂದು ಬಟ್ಟೆ ಮಿಲ್ಲಿನ ತಂಡದವರು ಆಡಿಸಿ ನೋಡಿ, ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಕೆಲಸಕ್ಕೆ ಸೇರಿಸಿಕೊಂಡರು. ಕಾಗದದಲ್ಲಿ ಗೋದಾಮಿನ ಗುಮಾಸ್ತ; ಮಾಡುವ ಕೆಲಸ ಫುಟ್‌ಬಾಲ್. ಎಡ ಅಂಚಿನಲ್ಲಿ ಇವರು ಓಡತೊಡಗಿದರೆ ಹಿಡಿಯುವವರಿರಲಿಲ್ಲವಂತೆ. ‘ಅಂತೆ’ ಏಕೆ, ನಾನೇ ನೋಡಿದ್ದೇನೆ. ನನ್ನ ಅಪ್ಪ ಅದೇ ಮಿಲ್ಲಿನಲ್ಲಿದ್ದರು. ಊರಿನವನು ಆಡುತ್ತಾನೆಂದು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ಎಪ್ಪತ್ತಾರರ ಸೆಮಿಫೈನಲಿನಲ್ಲಿ ಇವರ ಎಡ ಮೊಣಕಾಲು ತಿರುಚಿತು. ಫೈನಲಿಗೆ ನಾಲ್ಕು ದಿನ. ಮಿಲ್ಲಿನ ಕೋಚ್ ಡಾಕ್ಟರನ್ನು ಕರೆಸಲಿಲ್ಲ. ಬ್ಯಾಂಡೇಜ್ ಬಿಗಿದು, ಬೆನ್ನು ತಟ್ಟಿ, ಮೈದಾನಕ್ಕೆ ದೂಡಿದ. ಇವರು ಕುಂಟುತ್ತಲೇ ಗೋಲು ಹೊಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ಹದಿನಾಲ್ಕು ವರ್ಷದ ನಾನೂ ಒಬ್ಬಳು. ಆಮೇಲೆ ಇವರು ಒಂದೂ ಪೂರ್ತಿ ಪಂದ್ಯ ಆಡಲಿಲ್ಲ. ಕಾಗದದ ಗುಮಾಸ್ತ ನಿಜದ ಗುಮಾಸ್ತರಾದರು. ಎಂಬತ್ತೆರಡರ ಮುಷ್ಕರದಲ್ಲಿ ಅದೂ ಹೋಯಿತು. ಮರುವರ್ಷ ನಮ್ಮ ಮದುವೆ, ಬನ್ನಂಜೆಯಲ್ಲಿ ಬಾಡಿಗೆ ಮನೆ, ಅಜ್ಜರಕಾಡು ಮೈದಾನದಲ್ಲಿ ಕೋಚಿಂಗ್.

ಮದುವೆಯಾದ ಹೊಸದರಲ್ಲಿ ನಾನು ಹಟ ಹಿಡಿದು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಗ್ಲ್ಯಾಡಿಸ್ ಎಕ್ಸ್‌ರೇ ನೋಡಿ, “ಆಗಲೇ ಆರು ತಿಂಗಳು ಆಟ ಬಿಟ್ಟು ಮದ್ದು ಮಾಡಿದ್ದರೆ ಇನ್ನೂ ಆರೇಳು ವರ್ಷ ಆಡಬಹುದಿತ್ತು” ಎಂದರು. ಇವರು ಎಕ್ಸ್‌ರೇಯನ್ನು ಕಪಾಟಿನ ಮೇಲೆ ಎಸೆದು, ಆ ಮಾತನ್ನು ಮತ್ತೆ ಎತ್ತಬಾರದೆಂದರು.

ಕೋಚ್ ಆಗಿ ಇವರ ಬಾಯಿ ಕೆಟ್ಟದು. “ನೀನು ಓಡುವುದಾ, ಮದುವೆ ದಿಬ್ಬಣ ಬರುವುದಾ ಮಾರಾಯ?” ಎಂದು ಇಡೀ ಮೈದಾನಕ್ಕೆ ಕೇಳುವಂತೆ ಬೈಯುತ್ತಾರೆ. ಬೈಸಿಕೊಂಡವರು ಮರುದಿನ ಮೊದಲೇ ಬಂದು ನಿಲ್ಲುತ್ತಾರೆ, ಅದೂ ನಿಜ. ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದವನು ಚಂದು, ಇವರ ಅಕ್ಕ ಅಪ್ಪಿಯ ಮಗ, ಹತ್ತೊಂಬತ್ತು ವರ್ಷದವನು. ಇವರಂತೆಯೇ ಎಡ ಅಂಚಿನ ಆಟಗಾರ. ಭಾನುವಾರ ಕಾರ್ಕಳದಲ್ಲಿ ಫೈನಲ್. ಅವನನ್ನು ನೋಡಲಿಕ್ಕೆಂದೇ ಮಂಗಳೂರಿನ ಒಂದು ಬ್ಯಾಂಕಿನ ತಂಡದಿಂದ ರಾಮದಾಸರು ಬರುವವರಿದ್ದರು. ಮಿಲ್ಲಿನಲ್ಲಿ ಇವರ ಜೊತೆ ಆಡಿದವರು. ಅವರು ತಲೆಯಾಡಿಸಿದರೆ ಚಂದುವಿಗೆ ಬ್ಯಾಂಕಿನ ಕೆಲಸ.

ಗುರುವಾರ ಸಂಜೆ ನಾನು ಬಾಯಿ ಬಿಟ್ಟೆ. “ಚಂದುವಿನ ಮೊಣಕಾಲು ಊದಿದೆ.”

“ಬಾಲ್ ಆಡುವವನಿಗೆ ಕಾಲಲ್ಲದೆ ಮತ್ತೆಂತ ಊದಬೇಕು, ತಲೆಯಾ?”

“ಮಣಿಪಾಲಕ್ಕೆ ಕರೆದುಕೊಂಡು ಹೋಗಿ.”

“ಹೋದರೆ ಪ್ಲಾಸ್ಟರ್ ಹಾಕಿ ಮಲಗಿಸುತ್ತಾರೆ. ಮಲಗಿದವನನ್ನು ನೋಡಲಿಕ್ಕೆ ರಾಮದಾಸ ಕಿತ್ತಳೆ ಹಿಡಿದುಕೊಂಡು ಬರಬೇಕಾ? ಒಂದು ಪಂದ್ಯ. ಬಿಗಿಯಾಗಿ ಕಟ್ಟಿದರೆ ಆಯಿತು.”

“ನಿಮಗೂ ಹೀಗೆಯೇ ಕಟ್ಟಿದ್ದರು.”

ಇವರ ಮುಖ ಕಪ್ಪಾಯಿತು. “ನನಗೆ ಕಟ್ಟಿದವನು ಯಾರೋ ಹೊರಗಿನವನು. ಇವನು ನನ್ನ ಅಕ್ಕನ ಮಗ. ನಾನು ಅವನಿಗೆ ಕೆಡುಕು ಮಾಡುತ್ತೇನಾ?”

“ಕಟ್ಟಿದ್ದು ಯಾರು ಅಂತ ಮೊಣಕಾಲಿಗೆ ಗೊತ್ತಾಗುತ್ತದಾ?”

ತಟ್ಟೆ ದೂಡಿ ಎದ್ದರು. ಅಂಗಳಕ್ಕೆ ಇಳಿದರು, ಅಡ್ಡಡ್ಡವಾಗಿ. ಆಮೇಲೆ ಎರಡು ದಿನ ನನ್ನೊಡನೆ ಮಾತಿಲ್ಲ.

ಶುಕ್ರವಾರ ಮಗುವನ್ನು ಎತ್ತಿಕೊಂಡು ಬಸ್ಸು ಹಿಡಿದು ಕಾಪುವಿಗೆ ಹೋದೆ. ಹೆತ್ತವಳಾದರೂ ಕೇಳಿಯಾಳು ಎಂಬ ಆಸೆ. ಅಪ್ಪಿಯಕ್ಕ ಮೀನು ಮಾರ್ಕೆಟಿನಿಂದ ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದರು. ಚಂದು ಒಳಗೆ ಕಾಲು ಚಾಚಿ ಕುಳಿತಿದ್ದ. ಮೊಣಕಾಲಿನ ಮೇಲೆ ಒದ್ದೆ ಬಟ್ಟೆ.

“ಅಪ್ಪಿಯಕ್ಕ, ಇವನನ್ನು ಭಾನುವಾರ ಆಡಲು ಬಿಡಬೇಡಿ.”

“ಬಿಡುವುದು, ಬಿಡದಿರುವುದು ಅವನ ತಮ್ಮಲೆಗೆ ಬಿಟ್ಟದ್ದು” ಎಂದರು ತಲೆ ಎತ್ತದೆ. ತಮ್ಮಲೆ ಎಂದರೆ ಸೋದರಮಾವ. ಇವರ ಮನೆಗಳಲ್ಲಿ ಹುಡುಗನ ವಿಷಯದಲ್ಲಿ ಅವನ ಮಾತೇ ಕೊನೆಯದು; ಹೆತ್ತ ತಂದೆಯೂ ಆಮೇಲೆ. ಮಾವನ ಹೆಂಡತಿಗಂತೂ ಬಾಯಿಯೇ ಇಲ್ಲ.

“ಊತ ನೋಡಿದಿರಾ ನೀವು?”

“ನೋಡಿದ್ದೇನೆ. ನಿನಗೆ ಎಲ್ಲಿ ಉರಿಯುತ್ತದೆ ಅಂತಲೂ ಗೊತ್ತುಂಟು. ನಿನ್ನ ಗಂಡ ತನ್ನ ಮಗುವನ್ನು ಬಿಟ್ಟು ಸೋದರಳಿಯನ ಹಿಂದೆ ಓಡುತ್ತಾನೆ ಅಂತ, ಅಲ್ವಾ? ಬೊಂಬಾಯಿ ಶಾಲೆಯಲ್ಲಿ ಇದನ್ನೇ ಕಲಿಸಿದ್ದಾ?”

ಒಳಗಿನಿಂದ ಚಂದು ಕೂಗಿದ: “ಮಾಮಿ, ನೀವು ಬನ್ನಂಜೆಗೆ ಹೋಗಿ. ನಾನು ಕುಂಟಿಕೊಂಡಾದರೂ ಆಡುವವನೇ. ಮಾವ ಕುಂಟಿಕೊಂಡೇ ಗೋಲು ಹೊಡೆದದ್ದಲ್ವಾ?”

ಆ ಗೋಲಿಗೆ ಚಪ್ಪಾಳೆ ತಟ್ಟಿದ್ದ ಕೈ ಮಗುವಿನ ಬೆನ್ನ ಮೇಲಿತ್ತು. ಉಡುಪಿಯವರೆಗೂ ಬಸ್ಸಿನಲ್ಲಿ ಸಿಟ್ಟಿನಿಂದ ನನ್ನ ಹಲ್ಲು ನೋಯುತ್ತಿತ್ತು. ನಿಜ ಹೇಳಬೇಕೆಂದರೆ, ಅಪ್ಪಿಯಕ್ಕನ ಮಾತು ಪೂರ್ತಿ ಸುಳ್ಳಲ್ಲ. ಮಗಳು ಮೊದಲ ಹೆಜ್ಜೆ ಇಟ್ಟ ದಿನ ಇವರು ಚಂದುವಿನ ಜೊತೆ ಮೈದಾನದಲ್ಲಿದ್ದರು. ಅದು ನನಗೆ ಉರಿದದ್ದು ಹೌದು. ಆದರೆ ಆ ಉರಿಗೂ ಈ ಊತಕ್ಕೂ ಸಂಬಂಧವಿಲ್ಲ.

ಶನಿವಾರ ಬೆಳಿಗ್ಗೆ ಇವರು ನನ್ನ ಎದುರೇ ಹೊಸ ಬ್ಯಾಂಡೇಜಿನ ಎರಡು ಸುರುಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಮಗುವನ್ನು ಸೊಂಟಕ್ಕೇರಿಸಿ ಪಕ್ಕದ ಮನೆಯ ಕ್ಲಾರಾ ಬಾಯಿಯವರಲ್ಲಿಗೆ ನಡೆದೆ. ಮಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಫೋನಿನ ಪಕ್ಕದಲ್ಲೇ ಕುಳಿತೆ. ಎರಡು ಸಲ ಎದ್ದು ಬಾಗಿಲವರೆಗೂ ಹೋದೆ. “ಕೂತುಕೊಳ್ಳಿ ಮಾರಾಯ್ತಿ, ಮಗುವಿಗೆ ತಲೆ ತಿರುಗುತ್ತದೆ” ಎಂದರು ಕ್ಲಾರಾ ಬಾಯಿ. ಮುಕ್ಕಾಲು ಗಂಟೆಯ ಮೇಲೆ ಫೋನ್ ರಿಂಗಾಯಿತು.

“ರಾಮದಾಸರಾ? ನಾನು ಪುಷ್ಪಾವತಿ, ದೂಮಪ್ಪನವರ ಹೆಂಡತಿ.”

“ಓಹೋ ಅತ್ತಿಗೆ! ನಾಳೆ ಬರುತ್ತೇನೆ ಅಂತ ದೂಮಪ್ಪನಿಗೆ ಹೇಳಿ.”

“ಬರಬೇಡಿ.”

“ಎಂತ ಅತ್ತಿಗೆ?”

“ಚಂದುವಿನ ಎಡ ಮೊಣಕಾಲು ಹೋಗಿದೆ. ಇವರು ಕಟ್ಟಿ ಆಡಿಸುತ್ತಾರೆ. ಆಡಿಸುವುದು ನಿಮಗೆ ತೋರಿಸಲಿಕ್ಕೆ. ನೀವು ಬರದಿದ್ದರೆ ಆಡಿಸಲಿಕ್ಕಿಲ್ಲ. ಆವತ್ತು ಇವರಿಗೆ ಕಟ್ಟಿದಾಗ ನೀವೂ ಅಲ್ಲೇ ಇದ್ದಿರಿ.”

“ಇದ್ದೆ” ಎಂದರು. “ಅತ್ತಿಗೆ, ಬೇರೆ ಇಬ್ಬರು ಹುಡುಗರಿದ್ದಾರೆ. ನಾನು ಬರದಿದ್ದರೆ ಕೆಲಸ ಅವರಿಗೆ ಹೋಗಬಹುದು. ಮತ್ತೆ ನನ್ನನ್ನು ದೂರಬಾರದು.”

“ಗೊತ್ತು. ದೂರುವುದಾದರೆ ನನ್ನನ್ನು ದೂರುತ್ತಾರೆ.”

“ದೂಮಪ್ಪ ಕೇಳಿದರೆ ಎಂತ ಹೇಳಲಿ?”

“ನಾನು ಫೋನ್ ಮಾಡಿದೆ ಅಂತಲೇ ಹೇಳಿ. ಸೋಮವಾರ ಚಂದುವನ್ನು ಗ್ಲ್ಯಾಡಿಸ್ ಡಾಕ್ಟರಲ್ಲಿಗೆ ಎಳೆದುಕೊಂಡು ಹೋಗುವವಳೂ ನಾನೇ. ಅವನು ಮೆಟ್ಟಿಲು ನೇರ ಇಳಿದ ದಿನ ಇನ್ನೊಮ್ಮೆ ಫೋನ್ ಮಾಡುತ್ತೇನೆ. ಆಗ ಬಂದು ನೋಡಿ.”