ಗಾಂಧಿ ಚೌಕದ ಹಿಂದಿನ ಬನ್ನಿಗಿಡ

ನಾಲ್ಕು ವರ್ಷಗಳ ಹಿಂದೆ, ವಿಜಯಪುರದಲ್ಲಿ ನಾನು ಬ್ಯಾಂಕೊಂದರ ಪ್ಯಾನೆಲ್ ವಕೀಲನಾಗಿದ್ದೆ. ಗೃಹಸಾಲ ಕೊಡುವ ಮೊದಲು ಆಸ್ತಿಯ ಒಡೆತನ ಸರಿಯಿದೆಯೇ ಎಂದು ನೋಡಿ ಅಭಿಪ್ರಾಯ ಬರೆದುಕೊಡುವುದು ನನ್ನ ಕೆಲಸ. ಇದಕ್ಕೆ ಟೈಟಲ್ ಸರ್ಚ್ ಎನ್ನುತ್ತಾರೆ.

ಆ ಸಲ ಬಂದದ್ದು ಗಾಂಧಿ ಚೌಕದ ಹಿಂದಿನ ಹಳೆಯ ಕಲ್ಲುಕಟ್ಟಡದ ನೆಲಮಹಡಿ. ಎರಡು ಬೆಡ್‌ರೂಮಿನ ಫ್ಲ್ಯಾಟು, ಹಿಂದೆ ಅದಕ್ಕೇ ಸೇರಿದ ಕೈತೋಟ, ಅದಕ್ಕೆ ಓಣಿಯ ಕಡೆಗೊಂದು ಗೇಟು. ಮಾರುವವರು ಕಮಲಾಬಾಯಿ, ಟಿಕೋಟಾದಲ್ಲಿರುವ ಮಗಳ ಮನೆಗೆ ಹೋಗುವವರಿದ್ದರು. ಕೊಳ್ಳುವವರು ಕಾಲೇಜು ಉಪನ್ಯಾಸಕ ಮಲ್ಲಿಕಾರ್ಜುನ ಮತ್ತು ಅವರ ಹೆಂಡತಿ ಮಹಾದೇವಿ. ಆಕೆ ಜೈನಾಪುರದ ರೈತರ ಮಗಳು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಕುಂಡದಲ್ಲಿ ಬದನೆ ಬೆಳೆದು ಬೇಸತ್ತಿದ್ದರು. ಅವರಿಗೆ ಫ್ಲ್ಯಾಟಿಗಿಂತ ಆ ಮಣ್ಣು ಬೇಕಿತ್ತು.

ಆಸ್ತಿ ದಾಖಲೆಯ ಉತಾರ, ಖರೀದಿಪತ್ರ ಎಲ್ಲವೂ ಕನ್ನಡಿಯಷ್ಟು ಸ್ವಚ್ಛ. ದಸರೆಯಾದ ಮೇಲೊಂದು ದಿನ ಎಲ್ಲರೂ ಕೂಡಿ ಸ್ಥಳ ನೋಡಲು ಹೋದೆವು. ತೋಟದ ನಡುವೆ ಬನ್ನಿಗಿಡ. ಅದರ ಸುತ್ತ ಬಳೆಯಂತೆ ಹುಲ್ಲು ಸವೆದುಹೋಗಿತ್ತು, ಬೊಡ್ಡೆಗೆ ಅರಿಸಿನ ಮೆತ್ತಿತ್ತು. ಒಂಟಿ ಹೆಂಗಸು ಸುತ್ತಿದರೆ ನೆಲ ಹಾಗೆ ಸವೆಯುವುದಿಲ್ಲ. ಕೇಳಿದೆ.

"ನವರಾತ್ರಿಯಾಗ ನಸುಕಿನ್ಯಾಗ ಓಣಿ ಹೆಣ್ಮಕ್ಕಳು ಬಂದು ಬನ್ನಿ ಸುತ್ತತಾರ್ರಿ. ನಮ್ಮತ್ತಿ ಕಾಲದಿಂದ ಗೇಟಿಗೆ ಕೀಲಿ ಹಾಕಿಲ್ಲ," ಎಂದರು ಕಮಲಾಬಾಯಿ.

"ಮೊದಲ ಯಾಕ ಹೇಳಲಿಲ್ರಿ?"

"ನೀವು ಸಾಲ ಐತೇನು, ಪಾಲುದಾರರು ಅದಾರೇನು ಅಂತ ಕೇಳಿದ್ರಿ. ಬನ್ನಿ ಸುದ್ದಿ ಯಾರ ತಗದ್ರಿ?"

ನನ್ನ ಹೆಂಡತಿಯೂ ನಮ್ಮ ಓಣಿಯ ಬನ್ನಿಗೆ ಹೋಗುತ್ತಾಳೆ; ಅದು ಯಾರ ಜಾಗವೆಂದು ನಾನೂ ಕೇಳಿದವನಲ್ಲ. ಆದರೆ ಕಾನೂನಿನ ಲೆಕ್ಕ ಬೇರೆ. ಬಹುಕಾಲ ನಡೆದು ಬಂದ ರೂಢಿ ಹಕ್ಕಾಗಬಹುದು, ನಾಳೆ ಗೇಟು ಮುಚ್ಚಿದರೆ ತಕರಾರು ಬರಬಹುದು ಎಂದು ತಿಳಿಸಿ ಹೇಳಿದೆ.

ಮಲ್ಲಿಕಾರ್ಜುನರ ಮುಖ ಬಿಗಿಯಿತು. "ಇನ್ನ ಯಾರೂ ಬರಂಗಿಲ್ಲ ಅಂತ ಬರಕೊಡ್ರಿ. ಇಲ್ಲಂದ್ರ ನಮಗ ಬ್ಯಾಡ."

"ಹಂಗಾರ ಬ್ಯಾಡ ಬಿಡ್ರಿ," ಎಂದು ಕಮಲಾಬಾಯಿ ಒಳಗೆ ನಡೆದರು.

ವ್ಯವಹಾರ ಮುರಿಯಿತೆಂದು ನಾನು ಫೈಲು ಮಡಚಿದೆ. ಮಹಾದೇವಿ ಗಿಡದ ಹತ್ತಿರದಿಂದ ಕದಲಲಿಲ್ಲ. ಗಂಡನಿಗೆ ಮೆಲ್ಲಗೆ ಹೇಳಿದರು: "ಹತ್ತು ವರ್ಷ ಮ್ಯಾಲಿನ ಮನ್ಯಾಗ ಅದೀವಿ. ಒಂದ ದಿನ ಯಾರರೇ ನಮ್ಮ ಬಾಗಲಕ್ಕ ಬಂದಾರೇನ್ರಿ? ಇಲ್ಲಿ ತಾವಾಗೇ ಬರ್ತಾರಂದ್ರ ಬ್ಯಾಡ ಅಂತೀರಲ್ಲ."

ಮಲ್ಲಿಕಾರ್ಜುನರು ಗೇಟಿನವರೆಗೆ ಹೋಗಿ ಬಂದು, ಕಮಲಾಬಾಯಿಯವರನ್ನು ತಾವೇ ಹೊರಗೆ ಕರೆದರು. ನವರಾತ್ರಿಯ ನಸುಕಿನಲ್ಲಿ ಗೇಟು ತೆರೆದಿರಬೇಕು ಎಂಬ ಷರತ್ತು ಖರೀದಿಪತ್ರದೊಳಗೆ ಬಂತು, ನನ್ನ ಅಭಿಪ್ರಾಯದಲ್ಲೂ ಬಂತು. ಬ್ಯಾಂಕಿನವರು ಎರಡು ಸಲ ಓದಿ ಒಪ್ಪಿದರು.

ಮರುವರ್ಷ ನವರಾತ್ರಿಯ ಒಂದು ನಸುಕಿಗೆ ಕುತೂಹಲದಿಂದ ಆ ಓಣಿಗೆ ಹೋದೆ. ಮಲ್ಲಿಕಾರ್ಜುನರು ಸ್ನಾನ ಮುಗಿಸಿ ಗೇಟು ಹಿಡಿದು ನಿಂತಿದ್ದರು. ಬನ್ನಿ ಸುತ್ತುವವರ ಸಾಲಿನಲ್ಲಿ ಮಹಾದೇವಿಯ ಹಿಂದೆ, ಟಿಕೋಟಾದಿಂದ ಬಂದ ಕಮಲಾಬಾಯಿ ಇದ್ದರು. ನೋಡಿ ಖುಷಿಯಾಯಿತು.

ಅಂದಿನಿಂದ ಮನೆ ಮಾರುವವರನ್ನೆಲ್ಲ ನಾನು ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ. ಕಾಗದ ತಿರುವುವ ಮುಂಚೆಯೇ ಕೇಳುತ್ತೇನೆ: "ನಿಮ್ಮ ಮನಿಗೆ ಕರೀಲಾರದ ಯಾರ್ಯಾರು ಬರ್ತಾರ್ರಿ?"